ಯಥಾಸ್ಥಿತಿಯನ್ನು ಬಯಸಿದವರು: ರಾಜ್ಯ ಪುನರ್ವಿಂಗಡಣೆಯ ಪಾಠಕ್ಕೊಂದು ಪೂರಕ ಲೇಖನ

ರಾಯದುರ್ಗದಲ್ಲಿ ನಡೆದ ತರಬೇತಿ ಶಿಬಿರವೊಂದರಲ್ಲಿ ಮಡಕಶಿರಾ ಕಡೆಯ ಕಿರಿಯ ಶಿಕ್ಷಕಿಯೊಬ್ಬರು ತಮ್ಮ ತರಗತಿಯ ಅನುಭವವನ್ನು ಹೇಳಿಕೊಂಡರು. “ಕನ್ನಡದವರೆಲ್ಲ ಒಂದಾಗುವುದು ಮೈಸೂರಿನ ಕೆಲವು ಕನ್ನಡದವರಿಗೇ ಬೇಡವಾಗಿತ್ತಂತೆ, ಯಾಕೆ ಟೀಚರ್?” ಎಂದು ಹುಡುಗನೊಬ್ಬ ಕೇಳಿದ್ದನು. “ಅವರದು ಸ್ವಾರ್ಥ” ಎಂದಷ್ಟೇ ಹೇಳಿ ಆಕೆ ಪಾಠವನ್ನು ಮುಂದುವರಿಸಿದ್ದರು. “ಹೇಳಿದ ಮೇಲೆ ನನಗೇ ಸಮಾಧಾನವಾಗಲಿಲ್ಲ ಸರ್” ಎಂದರು. ಆ ಅಸಮಾಧಾನವು ಸರಿಯಾದದ್ದೇ. ಅದರಿಂದಲೇ ಈ ಲೇಖನ ಹುಟ್ಟಿತು.

ಮೊದಲು ನಮ್ಮ ನೆಲದ ಸಂಗತಿಯನ್ನು ನೆನೆಯೋಣ. 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಅನಂತಪುರ ಜಿಲ್ಲೆಯನ್ನು ಬೇರ್ಪಡಿಸಿದಾಗ ಮಡಕಶಿರಾ ಅನಂತಪುರದ ಪಾಲಾಯಿತು. ರಾಯದುರ್ಗ ಬಳ್ಳಾರಿಯಲ್ಲಿಯೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿ, ಬಳ್ಳಾರಿ ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಸೇರಿತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿತು. ಈ ಎರಡು ದಿನಾಂಕಗಳ ನಡುವೆ ಹಳೆಯ ಮೈಸೂರಿನಲ್ಲಿ ನಡೆದ ವಾದವೇ ಆ ಹುಡುಗನ ಪ್ರಶ್ನೆಯ ಮೂಲ.

ಆಗ ಮುಖ್ಯಮಂತ್ರಿಯಾಗಿದ್ದ ಕೆಂಗಲ್ ಹನುಮಂತಯ್ಯನವರು ಏಕೀಕರಣದ ಪರವಾಗಿ ನಿಂತರು. ಅವರ ಪಕ್ಷದೊಳಗೇ ವಿರೋಧವಿತ್ತು. ವಿರೋಧಿಸಿದವರಿಗೆ ಕನ್ನಡದ ಮೇಲೆ ಪ್ರೀತಿಯಿರಲಿಲ್ಲವೆನ್ನುವುದು ಅನ್ಯಾಯ. ಅವರ ಕೈಯಲ್ಲಿ ಇದ್ದದ್ದೇನೆಂಬುದನ್ನು ಮಕ್ಕಳಿಗೆ ತಿಳಿಸಬೇಕು. 1902ರಲ್ಲಿಯೇ ಶಿವನಸಮುದ್ರದಲ್ಲಿ ವಿದ್ಯುತ್ತು, 1916ರಲ್ಲಿ ತಮ್ಮದೇ ವಿಶ್ವವಿದ್ಯಾನಿಲಯ, 1923ರಿಂದ ಭದ್ರಾವತಿಯ ಕಬ್ಬಿಣ, ಕನ್ನಂಬಾಡಿ ಕಟ್ಟೆಯ ನೀರು: ಇವೆಲ್ಲ ತಲೆಮಾರುಗಳ ದುಡಿಮೆಯಿಂದ ಕೂಡಿಬಂದವು. ಹಿಂದುಳಿದ ಪ್ರದೇಶಗಳು ಸೇರಿದರೆ ತಮ್ಮ ಬೊಕ್ಕಸ ಅತ್ತ ಹರಿದುಹೋದೀತೆಂಬ ಅಂಜಿಕೆ ಒಂದು. ಉತ್ತರದ ಜಿಲ್ಲೆಗಳು ಬಂದರೆ ಸಮುದಾಯಗಳ ಸಂಖ್ಯಾಬಲ ಏರುಪೇರಾಗಿ, ಅಧಿಕಾರ ಕೈತಪ್ಪೀತೆಂಬುದು ಇನ್ನೊಂದು. ಇದನ್ನು ಸಭೆಯಲ್ಲಿ ಎಲ್ಲರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆಡಳಿತದ ದಕ್ಷತೆ, ಸಂಸ್ಥಾನದ ಪರಂಪರೆ ಎಂಬ ಮಾತುಗಳ ಹಿಂದೆ ಅದು ಅಡಗಿರುತ್ತಿತ್ತು. ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ವರದಿಯಲ್ಲಿ ಈ ಭಯವನ್ನು ಮುಚ್ಚಿಡದೆ ಚರ್ಚಿಸಿತು. ಒಂದುಗೂಡಿದ ರಾಜ್ಯದಲ್ಲಿ ಯಾವ ಒಂದು ಸಮುದಾಯವೂ ಬಹುಮತ ಪಡೆಯದೆಂದು ಹೇಳಿ, ಎರಡು ಕನ್ನಡ ರಾಜ್ಯಗಳ ಬೇಡಿಕೆಯನ್ನು ಒಪ್ಪಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಬದಲಾವಣೆಯಿಂದ ಬರಬಹುದಾದ ಲಾಭ ದೂರದ್ದು, ಅಸ್ಪಷ್ಟವಾದದ್ದು. ಕಳೆದುಹೋಗುವುದು ಕಣ್ಣಮುಂದೆಯೇ ಇರುತ್ತದೆ. ಆದಕಾರಣ ಮನುಷ್ಯನು ಇರುವುದನ್ನು ಬಿಗಿಯಾಗಿ ಹಿಡಿಯುತ್ತಾನೆ. ಹೊಸ ರಾಜ್ಯಕ್ಕೆ ಮೈಸೂರೆಂಬ ಹಳೆಯ ಹೆಸರೇ 1973ರವರೆಗೆ ಉಳಿದದ್ದರಿಂದ ಎಷ್ಟೋ ಮನಸ್ಸುಗಳಿಗೆ ಈ ಮಾರ್ಪಾಟು ಸಹ್ಯವಾಗಿರಬೇಕೆಂದು ನನ್ನ ಊಹೆ. ನಮ್ಮ ಗಡಿಯ ತಾಲ್ಲೂಕುಗಳಿಗೆ ಇಂಥ ಸಮಾಧಾನ ದೊರೆಯಲಿಲ್ಲ. ಊರಿನ ಹೆಸರು ಹಾಗೆಯೇ ಇತ್ತು, ಕಚೇರಿಯ ಭಾಷೆ ಬದಲಾಯಿತು.

ಮಕ್ಕಳಿಗೆ ಇನ್ನೂ ಹತ್ತಿರದ ನಿದರ್ಶನ ಬೇಕಾದರೆ ಕರಣಂ ಹುದ್ದೆಯಿದೆ. 1984ರಲ್ಲಿ ಎನ್.ಟಿ. ರಾಮರಾವ್ ಸರ್ಕಾರವು ಗ್ರಾಮಾಧಿಕಾರಿಗಳ ಹುದ್ದೆಗಳನ್ನು ಸುಗ್ರೀವಾಜ್ಞೆಯಿಂದ ರದ್ದುಪಡಿಸಿತು. ಹುದ್ದೆ ಕಳೆದುಕೊಂಡವರು ನ್ಯಾಯಾಲಯಕ್ಕೆ ಹೋದರು. 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಕರಣಂ ವಿರೋಧಿಸಿದ್ದು ಸಹಜ. ಆದರೆ ಆತನ ದಫ್ತರಕ್ಕೆ ಕೈಮುಗಿದು ನಿಲ್ಲುತ್ತಿದ್ದ ಸಣ್ಣ ಹಿಡುವಳಿದಾರನೂ “ಅವರಿದ್ದರೇ ಚೆನ್ನಾಗಿತ್ತು” ಎಂದರೆ ಅದಕ್ಕೇನು ಕಾರಣ? ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬುದು ಅವನಿಗೆ ತಿಳಿದಿತ್ತು. ಕಷ್ಟವಾದರೂ ಅದು ಪರಿಚಿತವಾದ ಕಷ್ಟವಾಗಿತ್ತು. ತರಗತಿಯಲ್ಲಿ ಹೆಚ್ಚು ಹೊತ್ತು ಚರ್ಚಿಸಬೇಕಾದ ವ್ಯಕ್ತಿ ಈ ಹಿಡುವಳಿದಾರನೇ.

ಇನ್ನು ನಮ್ಮ ವಿಷಯ. 1956ರ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಅನುಕೂಲ ಕಲ್ಪಿಸುವಂತೆ ರಾಜ್ಯಗಳಿಗೆ ಹೇಳುತ್ತದೆ. 2019ರ ನವೆಂಬರಿನಲ್ಲಿ ಸರ್ಕಾರಿ ಶಾಲೆಗಳನ್ನು ಆಂಗ್ಲ ಮಾಧ್ಯಮಕ್ಕೆ ಬದಲಿಸುವ ಆದೇಶಗಳು ಹೊರಟಾಗ ನಾವು ಏನು ಮಾಡಿದೆವು? ಇದ್ದದ್ದು ಇದ್ದಂತೆಯೇ ಇರಲೆಂದೆವು. 2020ರ ಏಪ್ರಿಲಿನಲ್ಲಿ ಉಚ್ಚ ನ್ಯಾಯಾಲಯವು ಆ ಆದೇಶಗಳನ್ನು ರದ್ದುಪಡಿಸಿದಾಗ ನಿಟ್ಟುಸಿರು ಬಿಟ್ಟೆವು. ಅದೇ ಹೊತ್ತಿಗೆ ಕೂಲಿ ಮಾಡುವ ತಂದೆಯೊಬ್ಬರು ನನ್ನನ್ನು ನೇರವಾಗಿ ಕೇಳಿದರು: “ನಿಮ್ಮ ಮಗ ಯಾವ ಮೀಡಿಯಂನಲ್ಲಿ ಓದಿದ ಮೇಷ್ಟ್ರೇ?” ನಾನು ತಕ್ಷಣ ಉತ್ತರ ಕೊಡಲಿಲ್ಲ. ಮಾತೃಭಾಷೆಯ ಶಿಕ್ಷಣವನ್ನು ನಾನು ಇಂದಿಗೂ ಸಮರ್ಥಿಸುತ್ತೇನೆ. ಆದರೆ ನನ್ನ ಸಮರ್ಥನೆಯಲ್ಲಿ ಮಗುವಿನ ಹಿತ ಎಷ್ಟು, ಕನ್ನಡ ಶಾಲೆಯನ್ನೇ ನಂಬಿದ ನನ್ನ ಹುದ್ದೆಯ ಚಿಂತೆ ಎಷ್ಟು ಎಂದು ಅಂದು ಅಳೆದು ನೋಡಬೇಕಾಯಿತು. ಮೈಸೂರಿನವರನ್ನು ಸ್ವಾರ್ಥಿಗಳೆನ್ನುವ ಮೊದಲು ಶಿಕ್ಷಕರಾದ ನಾವು ಈ ಅಳತೆಗೆ ಒಳಗಾಗಬೇಕು.

ಚಟುವಟಿಕೆಗೆ ಎರಡು ಅವಧಿಗಳು ಸಾಕು. ಮಕ್ಕಳು ಮನೆಯ ಹಿರಿಯರೊಬ್ಬರನ್ನು ಕೇಳಿ ಬರಲಿ: ನಿಮಗೆ ಬೇಡವೆನಿಸಿದ ಬದಲಾವಣೆ ಯಾವುದು, ಆಗ ಏನು ಕಳೆದುಹೋದೀತೆಂದು ಅಂಜಿದಿರಿ, ನಿಜವಾಗಿ ಏನು ಹೋಯಿತು? ಅಜ್ಜ ಅಜ್ಜಿಯರು ಕನ್ನಡ ತೆಲುಗು ಬೆರೆಸಿ ಆಡಿದ ಮಾತನ್ನು ಹಾಗೆಯೇ ಬರೆಯಲು ಬಿಡಿ, ತಿದ್ದಬೇಡಿ. ಉತ್ತರಗಳಿಗೆ ಸರಿ ತಪ್ಪಿನ ಗುರುತನ್ನೂ ಹಾಕಬೇಡಿ.