ಅಂಗಳದ ಬೆಂಚಿಗೆ ಯಾವ ಪಾಲಿಶ್?

ಅಂಗಡಿಯವರು ತೋರಿಸುವ ಮಾದರಿ ಹಲಗೆಗಳೆಲ್ಲ ಫಳಫಳ ಹೊಳೆಯುತ್ತವೆ. ಪಾಪ, ಅವು ಮಳೆಯನ್ನೂ ಕಂಡಿಲ್ಲ, ಬಿಸಿಲನ್ನೂ ಕಂಡಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆದು, ಏಪ್ರಿಲ್‌ನಲ್ಲಿ ಕಾಯುವ ಕುರ್ಚಿ-ಬೆಂಚುಗಳ ವಿಷಯದಲ್ಲಿ ಹೊಳಪಿನ ಮಾತು ಕೊನೆಗಿರಲಿ.

1. ಮೊದಲು ಮರ ಯಾವುದೆಂದು ಕೇಳಿ. ಸಾಗುವಾನಿಯ ಕೆಚ್ಚಿಗೆ ತನ್ನದೇ ಎಣ್ಣೆಯ ರಕ್ಷಣೆಯಿದೆ. ಏನೂ ಹಚ್ಚದಿದ್ದರೆ ಬೂದು ಬಣ್ಣಕ್ಕೆ ತಿರುಗೀತು, ಅಷ್ಟು ಬೇಗ ಕೊಳೆಯದು. ಆದರೆ ಅದೇ ಮರದ ಹೊರಗಿನ ಬಿಳಿ ಭಾಗಕ್ಕೆ ಆ ತಾಳಿಕೆ ಇಲ್ಲ. ರಬ್ಬರ್ ಮರವನ್ನಂತೂ ಅಂಗಳಕ್ಕೆ ತರಲೇಬೇಡಿ. ಯಾವ ಡಬ್ಬವೂ ಅದನ್ನು ಕಾಪಾಡದು.

2. ಒಳಾಂಗಣದ ಪಾಲಿಶ್‌ ಬೇಡವೆನ್ನಿ. ಫ್ರೆಂಚ್ ಪಾಲಿಶ್ ಎಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ನೀರು ನಿಂತಲ್ಲಿ ಬಿಳಿಚಿಕೊಳ್ಳುತ್ತದೆ. ಮೆಲಮೈನ್ ಕೂಡ ಮನೆಯೊಳಗಿನದೇ. "ಏನೂ ಆಗಲ್ಲ ಸಾರ್, ಇದನ್ನೇ ಹೊಡೆದುಬಿಡೋಣ" ಎಂಬ ಮಾತಿಗೆ ಮರುಳಾಗಬೇಡಿ. ಪಿಯು (ಪಾಲಿಯುರೆಥೇನ್) ಆದರೂ ಡಬ್ಬದ ಮೇಲೆ ‘ಎಕ್ಸ್‌ಟೀರಿಯರ್’ ಎಂದಿದೆಯೇ ನೋಡಿ.

3. ಮೇಲ್ಪದರವೋ, ಎಣ್ಣೆಯೋ? ನಿಜವಾದ ಆಯ್ಕೆ ಇರುವುದು ಇಲ್ಲೇ. ವಾರ್ನಿಶ್, ಪಿಯು ಮರದ ಮೇಲೆ ಪದರವಾಗಿ ಕೂರುತ್ತವೆ. ಮಳೆಯಲ್ಲಿ ಮರ ಉಬ್ಬುತ್ತದೆ, ಬಿಸಿಲಲ್ಲಿ ಕುಗ್ಗುತ್ತದೆ. ಕಾಲು-ಪಟ್ಟಿ ಕೂಡುವ ಸಂದಿಯಲ್ಲಿ ಪದರ ಮೊದಲು ಬಿರಿಯುತ್ತದೆ. ಆ ಬಿರುಕಿನಿಂದ ಒಳಹೊಕ್ಕ ನೀರಿಗೆ ಹೊರಬರುವ ದಾರಿ ಸಿಗದು. ಅಡಿಯಲ್ಲಿ ಕಪ್ಪು ಕಲೆ, ಮೇಲೆ ಹಪ್ಪಳದಂತೆ ಎದ್ದ ಪದರ. ಆಮೇಲೆ ಪೂರ್ತಿ ಕೆರೆದು ತೆಗೆಯದೆ ಬೇರೆ ದಾರಿಯಿಲ್ಲ.

ಎಣ್ಣೆ ಮರದೊಳಗೆ ಇಳಿಯುತ್ತದೆ, ಸುಲಿಯುವುದಿಲ್ಲ. ಮಾಸಿದಾಗ ತೊಳೆದು, ಒಣಗಿಸಿ, ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ ಮತ್ತೆ ಬಳಿದರಾಯಿತು. ವರ್ಷಕ್ಕೊಮ್ಮೆಯಾದರೂ ಬಳಿಯಬೇಕು, ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಮುಂಚೆ ಒಮ್ಮೆ, ಕಳೆದ ಮೇಲೆ ಇನ್ನೊಮ್ಮೆ. ಹಸಿ ಅಗಸೆ ಎಣ್ಣೆ ಬೇಡ. ದಿನಗಟ್ಟಲೆ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಬೇಗ ಒಣಗುವ ‘ಬಾಯಿಲ್ಡ್’ ಅಗಸೆ ಎಣ್ಣೆ ಅಥವಾ ಟೀಕ್ ಆಯಿಲ್ ತನ್ನಿ. ಮಾಡಿನ ಕೆಳಗಿನ ಜಗಲಿಗೆ ವಾರ್ನಿಶ್ ಸಾಕು. ಮಳೆಗೆ ನೇರವಾಗಿ ಒಡ್ಡಿಕೊಂಡದ್ದಕ್ಕೆ ನನ್ನ ಮತ ಎಣ್ಣೆಗೇ.

4. ಬಣ್ಣವಿರುವುದನ್ನೇ ಆರಿಸಿ. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಬಿಸಿಲಿನ ನೇರಳಾತೀತ ಕಿರಣಗಳಿಗೆ ಒಡೆಯುತ್ತದೆ. ಪಾರದರ್ಶಕ ಲೇಪ ಆ ಕಿರಣಗಳನ್ನು ಬಹುಪಾಲು ಒಳಗೆ ಬಿಡುತ್ತದೆ, ಬಣ್ಣದ ಕಣ ತಡೆಯುತ್ತದೆ. ತೆಳು ಕಂದು ಬಣ್ಣವಿದ್ದರೂ ವ್ಯತ್ಯಾಸ ಕಾಣುತ್ತದೆ. ನಾರು ಕಾಣದಿದ್ದರೂ ಸರಿ ಎನ್ನುವವರಿಗೆ ಹೊರಾಂಗಣದ ಪೇಂಟ್‌ಗಿಂತ ಒಳ್ಳೆಯ ಕೊಡೆ ಇಲ್ಲ.

5. ಕುರ್ಚಿಯನ್ನು ತಲೆಕೆಳಗೆ ಮಾಡಿ. ಮರ ಅತಿ ಹೆಚ್ಚು ನೀರು ಹೀರುವುದು ಅಡ್ಡಕೊಯ್ದ ತುದಿಯಲ್ಲಿ, ಅಂದರೆ ಕಾಲಿನ ಅಡಿಯಲ್ಲಿ. ಪಾಲಿಶ್‌ನವರು ಸಾಮಾನ್ಯವಾಗಿ ಬಿಟ್ಟುಬಿಡುವ ಜಾಗವೂ ಅದೇ. ಅಲ್ಲಿಗೆ ಎರಡು ಮೂರು ಸಲ ಹಚ್ಚಿಸಿ, ಎದುರಿಗೇ ನಿಂತು.

6. ಒದ್ದೆ ಮರಕ್ಕೆ ಏನನ್ನೂ ಹಚ್ಚಬೇಡಿ.

7. ಮತ್ತೆ ಯಾವಾಗ ಎಂಬುದಕ್ಕೆ ಕ್ಯಾಲೆಂಡರ್‌ಗಿಂತ ನೀರೇ ವಾಸಿ. ನಾಲ್ಕು ಹನಿ ಚಿಮುಕಿಸಿ. ಹನಿ ಹಾಗೇ ನಿಂತರೆ ಇನ್ನೂ ಸಮಯವಿದೆ. ಮರ ಹೀರಿ ಕಪ್ಪಾದರೆ ಎಣ್ಣೆ ತೆಗೆಯಿರಿ.

8. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯಲ್ಲಿ ಆ ಬಿಸಿ ಸೇರಿಕೊಂಡು ತಾನಾಗಿಯೇ ಬೆಂಕಿ ಹತ್ತಬಹುದು. ನೀರಲ್ಲಿ ಅದ್ದಿ, ಬಯಲಲ್ಲಿ ಬಿಡಿಸಿ ಒಣಹಾಕಿ, ಆಮೇಲೆ ಬಿಸಾಡಿ.