ಚಹಾ ಒಂದು ತಾಸು ಕಾಯಲಿ

ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ಗೋವಾಕ್ಕೆ ದುಡಿಯಲು ಬಂದ ಹೆಣ್ಣುಮಕ್ಕಳೇ, ವಾಸ್ಕೊದಲ್ಲಿರಿ, ಮಾಪುಸಾದಲ್ಲಿರಿ, ರೊಟ್ಟಿ, ಬ್ಯಾಳಿ, ಪುಂಡಿಪಲ್ಯ ನೀವು ಬಿಟ್ಟಿಲ್ಲ. ಉಂಡ ಕೈ ತೊಳೆಯುವ ಮೊದಲೇ ಚಹಾ ಬೇಕು, ಅದನ್ನೂ ಬಿಟ್ಟಿಲ್ಲ. ಆಮೇಲೆ ನನ್ನ ಹತ್ತಿರ ಬಂದು, "ಇಷ್ಟು ಉಂಡರೂ ಮೈಯಾಗ ರಕ್ತ ಇಲ್ಲ ಅಂತಾರಲ್ಲ ಆಯಿ" ಅನ್ನುತ್ತೀರಿ.

ತಾಟಿನಲ್ಲಿದ್ದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ ತಾಯಿ. ಸಣ್ಣಕರುಳಿನ ಒಳಗೋಡೆ ಮಖಮಲ್ಲಿನ ಹಾಗೆ, ತುಂಬ ಸಣ್ಣ ಸಣ್ಣ ಎಳೆ. ಅರಗಿದ ಅನ್ನದ ಸಾರ ಹೀರುವುದು ಅವೇ. ರೊಟ್ಟಿಯ ಹಿಟ್ಟು ಸಕ್ಕರೆಯಾಗಿ, ಬೇಳೆಯ ಪ್ರೋಟೀನು ಅಮೈನೊ ಆಮ್ಲವಾಗಿ ರಕ್ತದೊಡನೆ ಮೊದಲು ಯಕೃತ್ತಿಗೆ ಹೋಗುತ್ತವೆ. ಎಣ್ಣೆ-ತುಪ್ಪದ್ದು ಬೇರೆ ಸುತ್ತುಹಾದಿ. ಇವುಗಳದ್ದೇನೂ ತಕರಾರಿಲ್ಲ.

ತಕರಾರೆಲ್ಲ ರಕ್ತ ತುಂಬಲು ಬೇಕಾದ ಕಬ್ಬಿಣದ್ದು. ಕರುಳು ಅದನ್ನು ಹೆಚ್ಚಾಗಿ ಹೀರುವುದು ಶುರುವಿನ ಒಂದು ಗೇಣಿನಲ್ಲಿ ಮಾತ್ರ. ಕಾಳು-ಸೊಪ್ಪಿನ ಕಬ್ಬಿಣ ಮೊದಲೇ ಸುಲಭಕ್ಕೆ ಒಳಗೆ ಹೋಗುವುದಲ್ಲ. ಅದು ಆ ಗೇಣಿನಲ್ಲಿರುವಾಗಲೇ ಚಹಾ ಇಳಿದರೆ, ಚಹಾದ ಟ್ಯಾನಿನ್ ಅದನ್ನು ಕಟ್ಟಿಹಾಕುತ್ತದೆ. ಕಟ್ಟುಬಿದ್ದ ಕಬ್ಬಿಣ ಬೆಳಿಗ್ಗೆ ಹೊರಗೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲೂ ಇದನ್ನೇ ಹೇಳಿದ್ದಾರೆ: ಊಟಕ್ಕೆ ಒಂದು ತಾಸು ಮೊದಲು, ಒಂದು ತಾಸು ನಂತರ ಚಹಾ-ಕಾಫಿ ಬೇಡ. ಪೂರಾ ಬಿಡಿ ಎಂದು ನಾನಂತೂ ಹೇಳಲಾರೆ, ನನ್ನಿಂದಲೇ ಆಗದ ಕೆಲಸ ಅದು.

ಪಲ್ಯ ಒಲೆಯಿಂದ ಇಳಿಸಿದ ಮೇಲೆ ಲಿಂಬೆ ಹಿಂಡಿರಿ. ಅದರ 'ಸಿ' ಜೀವಸತ್ವ ಕಬ್ಬಿಣಕ್ಕೆ ದಾರಿ ಬಿಡಿಸುತ್ತದೆ; ಕುದಿಸಿದರೆ ಅರ್ಧ ಹಾಳು. ಮೀನು ತಿನ್ನುವವರಿಗೆ ಗೋವಾದಲ್ಲಿ ಏನು ಕಡಿಮೆ? ಬಾಂಗಡೆಯ ಕಬ್ಬಿಣ ತಾನೂ ಬೇಗ ಒಳಗೆ ಹೋಗುತ್ತದೆ, ಪಕ್ಕದ ಬೇಳೆಯದನ್ನೂ ಒಂದಿಷ್ಟು ಕರೆದೊಯ್ಯುತ್ತದೆ. ತಿನ್ನದವರು ಇಲ್ಲಿಯವರ ಮೂಗಾಗಾಠಿ ಕಲಿಯಿರಿ, ಮೊಳಕೆ ಬರಿಸಿದ ಹೆಸರಿನ ಸಾರು ಅದು. ಕಾಳಿನಲ್ಲಿ ಕಬ್ಬಿಣವನ್ನು ಬಿಗಿಹಿಡಿದಿರುವ ಫೈಟೇಟ್ ಮೊಳಕೆ ಬಂದಾಗ ಕಡಿಮೆಯಾಗುತ್ತದೆ. ಇಲ್ಲಿಯ ಉಕ್ಡೆ ಅಕ್ಕಿಗೂ ಮೂಗು ಮುರಿಯಬೇಡಿ. ಭತ್ತವನ್ನೇ ಬೇಯಿಸಿ ಒಣಗಿಸುವುದರಿಂದ ತೌಡಿನಲ್ಲಿದ್ದ 'ಬಿ1' ಜೀವಸತ್ವ ಕಾಳಿನೊಳಗೆ ಇಳಿದಿರುತ್ತದೆ.

ಎಂಟು ದಿನ ಮಾಡಿ "ಏನೂ ಆಗಲಿಲ್ಲ" ಅನ್ನಬೇಡಿ. ಒಂದು ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಹಳೆಯವು ಹೋಗಿ ಹೊಸವು ತುಂಬಲು ತಿಂಗಳುಗಳೇ ಬೇಕು. ಆರೋಗ್ಯ ಕೇಂದ್ರದವರು ಕಬ್ಬಿಣದ ಗುಳಿಗೆ ಕೊಟ್ಟಿದ್ದರೆ ಅರ್ಧಕ್ಕೆ ಬಿಡಬೇಡಿ, ಚಹಾದ ಜೊತೆಗಂತೂ ನುಂಗಲೇಬೇಡಿ.