ಎರಡು ರೆಕ್ಕೆ, ಒಂದೇ ತೂಕ

ಗಡಹಿಂಗ್ಲಜದ ರಸ್ತೆಗಳಲ್ಲಿ ಕಬ್ಬಿನ ಗಾಡಿಗಳನ್ನು ನಾವೆಲ್ಲರೂ ನೋಡಿದ್ದೇವೆ. ಹೇರು ಒಂದೇ ಬದಿಗೆ ಹೆಚ್ಚಾದರೆ ಗಾಡಿ ಅತ್ತಲೇ ವಾಲುತ್ತದೆ. ಆದ್ದರಿಂದ ಗಾಡಿಯವನು ಎತ್ತು ಹೂಡುವ ಮೊದಲೇ ಹೇರನ್ನು ಸರಿಪಡಿಸುತ್ತಾನೆ. ವಿಮಾನ ಚಾಲಕರಿಗೂ ಇಂಥದೇ ಕೆಲಸವಿದೆ.

ಕೊಲ್ಹಾಪುರದ ಉಜಳಾಯವಾಡಿ ವಿಮಾನ ನಿಲ್ದಾಣವು ಛತ್ರಪತಿ ರಾಜಾರಾಮ ಮಹಾರಾಜರ ಆಳ್ವಿಕೆಯಲ್ಲಿ, 1939ರಲ್ಲಿ ಆರಂಭವಾಯಿತು. ಈಚಿನ ವರ್ಷಗಳಲ್ಲಿ ಅಲ್ಲಿಗೆ ಎ.ಟಿ.ಆರ್. 72 ಎಂಬ ವಿಮಾನಗಳು ಬಂದಿವೆ. ಈ ವಿಮಾನದ ಇಂಧನವೆಲ್ಲ ಇರುವುದು ರೆಕ್ಕೆಗಳ ಒಳಗೆ. ಎರಡೂ ಟ್ಯಾಂಕು ತುಂಬಿದರೆ ಸುಮಾರು 5,000 ಕಿಲೋಗ್ರಾಂ. ಎಡ ಟ್ಯಾಂಕು ಎಡ ಎಂಜಿನಿಗೆ, ಬಲ ಟ್ಯಾಂಕು ಬಲ ಎಂಜಿನಿಗೆ ಇಂಧನ ಕೊಡುತ್ತದೆ.

ಒಂದು ಟ್ಯಾಂಕು ಭಾರವಾದರೆ ಆ ಬದಿಯ ರೆಕ್ಕೆ ಕೆಳಕ್ಕೆ ಎಳೆಯುತ್ತದೆ. ತೂಕವು ನಡುವಿನಿಂದ ದೂರವಿದ್ದಷ್ಟೂ ಎಳೆತ ಹೆಚ್ಚು. ಇದು ತಕ್ಕಡಿಯ ನಿಯಮವೇ. ಅದಕ್ಕಾಗಿ ಪ್ರತಿಯೊಂದು ಬಗೆಯ ವಿಮಾನಕ್ಕೂ ಒಂದು ಮಿತಿಯಿದೆ. ಬೋಯಿಂಗ್ 737-800ರಲ್ಲಿ ಎರಡು ರೆಕ್ಕೆ ಟ್ಯಾಂಕುಗಳ ಅಂತರ 453 ಕಿಲೋಗ್ರಾಂ ಮೀರಬಾರದು. ಅಂದರೆ 50 ಕಿಲೋಗ್ರಾಂನ ಒಂಬತ್ತು ಸಕ್ಕರೆ ಚೀಲಗಳಷ್ಟು!

ಹೊರಡುವ ಮುನ್ನ ಅಂತರ ಕಂಡರೆ ಏನು ಮಾಡುತ್ತಾರೆ? ನಿಂತಲ್ಲಿಯೇ ಇದ್ದರೆ ಹಗುರಾದ ಟ್ಯಾಂಕಿಗೆ ಇಂಧನ ತುಂಬಿಸಬಹುದು. ಇಲ್ಲವೆ ಎರಡು ಬದಿಗಳನ್ನು ಕೂಡಿಸುವ ನಡುವಿನ ಕವಾಟವನ್ನು ತೆರೆದು, ಹಗುರಾದ ಬದಿಯ ಪಂಪು ನಿಲ್ಲಿಸಿ, ಎರಡೂ ಎಂಜಿನುಗಳನ್ನು ಭಾರವಾದ ಟ್ಯಾಂಕಿನಿಂದಲೇ ನಡೆಸಬಹುದು. ತೂಕ ಸಮವಾದ ಮೇಲೆ ಪಂಪು ಹಾಕಿ, ಕವಾಟ ಮುಚ್ಚಿ, ಅನಂತರವೇ ಏರುತ್ತಾರೆ.

ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಅಂತರ ಬಂದದ್ದೇಕೆ? 737ರ ಬಾಲದಲ್ಲಿ ಒಂದು ಚಿಕ್ಕ ಎಂಜಿನಿದೆ. ಪಂಪು ಹಾಕದೆ ಅದನ್ನು ನೆಲದ ಮೇಲೆ ಬಹಳ ಹೊತ್ತು ನಡೆಸಿದರೆ ಎಡ ಟ್ಯಾಂಕು ಇಳಿಯುತ್ತದೆ. ಇದು ನಿರಪಾಯದ ಕಾರಣ. ಎಲ್ಲಿಯಾದರೂ ಸೋರುತ್ತಿದ್ದರೂ ಮಾಪಕದ ಮುಳ್ಳು ತೋರಿಸುವುದು ಅದನ್ನೇ! ಸೋರಿಕೆಯ ಸಂಶಯವಿದ್ದರೆ ಕವಾಟ ತೆರೆಯಬಾರದು. ವಿಮಾನವನ್ನು ಹಿಂದಕ್ಕೆ ತಂದು ಎಂಜಿನಿಯರರಿಗೆ ತೋರಿಸಬೇಕು.

2001ರ ಆಗಸ್ಟ್ 24ರಂದು ಟೊರಾಂಟೊದಿಂದ ಲಿಸ್ಬನ್ನಿಗೆ ಹೊರಟಿದ್ದ ಏರ್ ಟ್ರಾನ್ಸಾಟ್ ವಿಮಾನದಲ್ಲಿ 306 ಜನರಿದ್ದರು. ಸಾಗರದ ಮೇಲೆ ಹಾರುವಾಗ ಟ್ಯಾಂಕುಗಳ ತೂಕದಲ್ಲಿ ಅಂತರ ಕಂಡಿತು. ಚಾಲಕರು ಕವಾಟ ತೆರೆದರು. ಆದರೆ ಬಲ ಎಂಜಿನಿನ ಇಂಧನ ಕೊಳವೆ ಒಡೆದಿತ್ತು. ಒಳ್ಳೆಯ ಟ್ಯಾಂಕಿನ ಇಂಧನವೂ ಅದೇ ದಾರಿಯಲ್ಲಿ ಸೋರಿಹೋಗಿ ಎರಡೂ ಎಂಜಿನುಗಳು ನಿಂತವು. ಚಾಲಕರು ಸುಮಾರು 19 ನಿಮಿಷ ವಿಮಾನವನ್ನು ಗಾಳಿಯಲ್ಲಿ ತೇಲಿಸಿ ಅಜೋರ್ಸ್ ದ್ವೀಪದಲ್ಲಿ ಇಳಿಸಿದರು. ಎಲ್ಲರೂ ಬದುಕಿದರು.

ಇಚಲಕರಂಜಿಯ ಮಗ್ಗದವರನ್ನು ಕೇಳಿರಿ. ನೂಲು ಮತ್ತೆ ಮತ್ತೆ ಅಲ್ಲಿಯೇ ಕಡಿದರೆ ಅವರು ಬರಿಯ ಗಂಟು ಹಾಕಿ ಸುಮ್ಮನಾಗುವುದಿಲ್ಲ. ಮಗ್ಗ ನಿಲ್ಲಿಸಿ ಕಾರಣ ಹುಡುಕುತ್ತಾರೆ. ಲೆಕ್ಕದ ಉತ್ತರ ತಪ್ಪಿದಾಗ ನಾವು ಅಂಕೆ ತಿದ್ದಿ ಸರಿಮಾಡಿಬಿಡುವುದುಂಟು. ತಪ್ಪು ಎಲ್ಲಿ ಹುಟ್ಟಿತೆಂದು ಹಿಂದಕ್ಕೆ ಹೋಗಿ ನೋಡುವುದೇ ನಿಜವಾದ ಕಲಿಕೆ.